ಅಕ್ಕಿಯ ಮೇಲಿನ ಕೈ

ಕುಮಟಾ
೧೨ ನವೆಂಬರ್ ೨೦೨೫, ಬುಧವಾರ

ಕೃಷ್ಣಾನಂದರಿಗೆ,

ಹೇಮಾಳ ನಮಸ್ಕಾರ. ನಾವು ಒಬ್ಬರನ್ನೊಬ್ಬರು ಕ್ಷೇಮವೇ ಎಂದು ಕೇಳುವ ರೂಢಿ ತಪ್ಪಿ ನಾಲ್ಕು ವರ್ಷವಾಯಿತು. ಈಗ ಕೇಳಿದರೆ ಅದು ಬರೀ ಶಿಷ್ಟಾಚಾರವಾದೀತು, ಅದಕ್ಕೇ ಬಿಡುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಎರಡನೆಯ ಮಾತಿಗೇ ನಮ್ಮಲ್ಲೊಬ್ಬರ ದನಿ ಏರುತ್ತದೆ, ಏರಿದ ದನಿಯಲ್ಲಿ ನಾವು ಆಡಿದ್ದೆಲ್ಲ ಕೊಂಕಣಿಯಲ್ಲಿ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಇದೇ ೨೫ರ ಮಂಗಳವಾರ ನೀವು ಧಾರವಾಡದಿಂದ ನಮ್ಮ ಕಾಯ್ಕಿಣಿಯ ಮನೆಗೆ ಬರಬೇಕು. ಗದ್ದೆಯಂಚಿನಲ್ಲಿ ಊರು ಕಾಯುವ ದೈವ ಜಟಗನ ಕಲ್ಲಿನ ಮುಂದೆ ಐದು ವರ್ಷದ ಹಿಂದೆ ನೀವು ಇಟ್ಟ ತೆಂಗಿನಕಾಯಿಯನ್ನು ನಿಮ್ಮ ಕೈಯಾರೆ ಎತ್ತಬೇಕು. ೨೭ರ ಗುರುವಾರ ಇಲ್ಲಿನ ಆಸ್ಪತ್ರೆಯಲ್ಲಿ ಬಂಗಾರಿಗೆ ಆಪರೇಶನ್. ಗರ್ಭಕೋಶದಲ್ಲಿ ಗೆಡ್ಡೆ, ರಕ್ತ ಹೋಗುವುದು ನಿಂತಿಲ್ಲ. ಇನ್ನು ತಡ ಮಾಡಿದರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಕಾಯಿ ಅಲ್ಲಿರುವವರೆಗೆ ಮೈಗೆ ಕತ್ತಿ ತಾಗಿಸಿಕೊಳ್ಳುವುದಿಲ್ಲ ಎಂದು ಬಂಗಾರಿ ಕೂತಿದ್ದಾಳೆ.

ಯಾವ ಬಂಗಾರಿ ಎಂದು ನೀವು ಕೇಳಲಾರಿರಿ. ಹದಿನಾಲ್ಕು ವರ್ಷ ನಮ್ಮ ಹಿತ್ತಲಿನ ಮಲ್ಲಿಗೆ ಕೊಯ್ದು, ದಂಡೆ ಕಟ್ಟಿಕೊಟ್ಟ ಬಂಗಾರಿ. ಅವಳಿಗೂ ಆ ಕಾಯಿಗೂ ಏನು ಸಂಬಂಧ ಎಂದು ಮಾತ್ರ ಕೇಳಬಹುದು. ನಮ್ಮ ಡ್ರಮ್ಮಿನಿಂದ ಅಕ್ಕಿ ತೆಗೆದವಳು ಅವಳು. ಹೀಗೆ ಬರೆಯುವುದಕ್ಕೆ ಅವಳ ಒಪ್ಪಿಗೆ ಕೇಳಿದ್ದೇನೆ. "ಹೇಳ್ರಿ ಅಮ್ಮ. ಕದ್ದವ್ರ ಹೆಸ್ರು ಹೇಳ್ದೆ ಬರೀ ತಪ್ಪಾತು ಅಂದ್ರೆ ಒಡೆಯರು ಯಾರನ್ನ ಬಿಡೂದು?" ಎಂದಳು.

ಲಾಕ್‌ಡೌನಿನ ಆ ಏಪ್ರಿಲನ್ನು ನೆನಪು ಮಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲು ಭಟ್ಕಳದ ರಸ್ತೆಗಳು ಮುಚ್ಚಿದವು. ಬಸ್ಸಿಲ್ಲ, ಪೇಟೆಯಿಲ್ಲ, ಮದುವೆಯಿಲ್ಲ. ಮಲ್ಲಿಗೆ ಮಾತ್ರ ಎಂದಿಗಿಂತ ಹೆಚ್ಚು ಬಿಟ್ಟಿತ್ತು. ಮೊಗ್ಗು ಕೊಯ್ಯದೆ ಬಿಟ್ಟರೆ ಗಿಡ ಹಾಳಾಗುತ್ತದೆ ಎಂದು ಬಂಗಾರಿ ಬೆಳಿಗ್ಗೆ ಬಂದು ಕೊಯ್ಯುತ್ತಿದ್ದಳು. ಅರ್ಧ ನಮ್ಮ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು, ಅರ್ಧವನ್ನು ಅವಳು ಬುಟ್ಟಿಯಲ್ಲಿ ಮನೆಗೆ ಒಯ್ಯುತ್ತಿದ್ದಳು. ಮಾರಾಟವಿಲ್ಲದ ಹೂವಿಗೆ ಕೂಲಿ ಇಲ್ಲ ಎಂಬುದು ನಿಮಗೂ ನನಗೂ ಸಹಜವಾಗಿ ಕಂಡಿತ್ತು. ಈ ಮಾತಿನಲ್ಲಿ ನಿಮ್ಮೊಬ್ಬರದೇ ತಪ್ಪು ಹುಡುಕುವ ಉದ್ದೇಶ ನನಗಿಲ್ಲ.

ಅವಳ ಗಂಡ ಬೀರ ಓಂ ಬೀಚಿನ ಒಂದು ಗೆಸ್ಟ್ ಹೌಸಿನಲ್ಲಿ ಕೋಣೆ ಗುಡಿಸುವ ಕೆಲಸಕ್ಕಿದ್ದ. ಅದು ಮುಚ್ಚಿತು. ಅವನು ಮೂರು ದಿನ ನಡೆದು ಬರಿಗೈಯಲ್ಲಿ ಮನೆ ಸೇರಿದ. ಅವರ ಪಡಿತರ ಚೀಟಿ ಇದ್ದದ್ದು ಕುಮಟಾದ ಕಡೆ, ಅವನ ತಾಯಿಯ ಊರಿನಲ್ಲಿ. ಚೀಟಿ ಅಲ್ಲಿ, ಹೊಟ್ಟೆ ಇಲ್ಲಿ, ನಡುವೆ ಎರಡು ನದಿ ಮತ್ತು ಲೆಕ್ಕವಿಲ್ಲದಷ್ಟು ಪೊಲೀಸರು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು.

ನೀವು ಆಮೇಲೆ ಮತ್ತೆ ಮತ್ತೆ ಹೇಳಿದ ಮಾತೊಂದಿದೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ, ಕದಿಯುವುದೇಕೆ ಎಂದು. ಕೊಡುತ್ತಿದ್ದಿರಿ, ನನಗೆ ಅನುಮಾನವಿಲ್ಲ. ಆದರೆ ಅವಳು ಕೇಳಿದ್ದಳು. ನೀವು ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದಿರಿ, ನಾನು ಬಾಗಿಲಲ್ಲಿ ನಿಂತಿದ್ದೆ. "ಅಂಗ್ಡೀಲಿ ಅಕ್ಕಿ ಇಲ್ವಂತೆ ಒಡೆಯಾ" ಎಂದಳು. ನೀವು ತಲೆಯೆತ್ತದೆ, "ಅಕ್ಕಿ ಕಮ್ಮಿ ಆದ್ರೆ ಗಂಜಿಗೆ ನೀರು ಜಾಸ್ತಿ ಹಾಕು ಬಂಗಾರಿ. ಬೇಸಿಗೆ, ಹೊಟ್ಟೆಗೂ ತಂಪು" ಎಂದಿರಿ. ಅವಳು ನಕ್ಕಳು. ನಾನೂ ನಕ್ಕೆ. ನಮ್ಮ ಕಡೆ ಯಾರೂ ಅಕ್ಕಿ ಕೊಡಿ ಎಂದು ಕೈ ಚಾಚುವುದಿಲ್ಲ, ಅಂಗಡಿಯಲ್ಲಿ ಇಲ್ಲವಂತೆ ಎನ್ನುತ್ತಾರೆ. ಕೇಳಿಸಿಕೊಂಡವರು ಒಳಗೆ ಹೋಗಿ ತಂದುಕೊಡಬೇಕು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಆ ದಿನ ಇಬ್ಬರಿಗೂ ಮರೆತುಹೋಗಿತ್ತು ಎಂದುಕೊಳ್ಳೋಣ.

ನೀವು ಹಿಂದಿನ ಕೋಣೆಯ ಡ್ರಮ್ಮಿನಲ್ಲಿ ಕುಚ್ಚಲಕ್ಕಿ ತುಂಬಿಸಿ, ನಿಮ್ಮ ಅಜ್ಜ ಭತ್ತದ ರಾಶಿಗೆ ಮಾಡುತ್ತಿದ್ದಂತೆ ಸಂಜೆಗೊಮ್ಮೆ ಅಕ್ಕಿಯ ಮೇಲೆ ಅಂಗೈ ಒತ್ತಿ ಗುರುತು ಮಾಡುತ್ತಿದ್ದಿರಿ. ಯಾರಾದರೂ ಮುಟ್ಟಿದರೆ ಗುರುತು ಅಳಿಸುತ್ತದೆ. ಬಂಗಾರಿ ಒಂದು ಸಿದ್ದೆ ಅಳತೆಯ ಅಕ್ಕಿ ತೆಗೆದು, ಉಳಿದದ್ದನ್ನು ಸಮ ಮಾಡಿ, ಅಳಿಸಿದ ಗುರುತಿನ ಜಾಗದಲ್ಲಿ ತನ್ನ ಅಂಗೈ ಒತ್ತಿ ಹೋಗುತ್ತಿದ್ದಳು. ಗುರುತು ಇರಬೇಕು ಎಂದಷ್ಟೇ ಅವಳಿಗೆ ಹೊಳೆದದ್ದು, ಅದು ಯಾರದೆಂದು ತಿಳಿಯುತ್ತದೆ ಎಂದಲ್ಲ. ಅಕ್ಕಿ ಹೂಬುಟ್ಟಿಯ ತಳದಲ್ಲಿ, ಮೇಲೆ ಮೊಗ್ಗು. ಎರಡನೆಯ ಸಲ ನಾನು ಕಿಟಕಿಯಿಂದ ಕಂಡೆ. ಸದ್ದಿಲ್ಲದೆ ಹಿಂದೆ ಸರಿದೆ. ಆಮೇಲೆ ಐದಾರು ಸಲ ಅವಳು ಬರುವ ಹೊತ್ತಿಗೆ ನಾನು ಬೇಕೆಂದೇ ಸ್ನಾನಕ್ಕೆ ಹೋದೆ. ಅದನ್ನು ಔದಾರ್ಯವೆಂದು ತಿಳಿದಿದ್ದೆ.

ಒಂದು ಬೆಳಿಗ್ಗೆ ನೀವು ನನ್ನನ್ನು ಕರೆದು ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಿರಿ. ಅಕ್ಕಿಯ ಮೇಲೆ ಸಣ್ಣ ಅಂಗೈ, ಕಿರುಬೆರಳು ಸ್ವಲ್ಪ ಡೊಂಕು. "ಇದು ನಿನ್ನ ಕೈಯಾ?" ಎಂದು ಕೇಳಿದಿರಿ. ನಾನು ಅಲ್ಲ ಎಂದೆ.

ಅದು ನಿಜವೇ ಆಗಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಇಪ್ಪತ್ತೆರಡು ವರ್ಷ ಕಾಲೇಜಿನ ಮಕ್ಕಳಿಗೆ ನೀತಿಯ ಪಾಠ ಹೇಳಿದವಳು ನಾನು. ಜೀವ ಉಳಿಸಿಕೊಳ್ಳಲು ಅನ್ನ ಕದಿಯುವುದು ತಪ್ಪೇ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು, ಎರಡೂ ಪಕ್ಷವನ್ನು ಸಮನಾಗಿ ತೂಗಿ, ಗಂಟೆ ಬಾರಿಸಿದ ಕೂಡಲೇ ಅಳಿಸುತ್ತಿದ್ದೆ. ಆ ಬೆಳಿಗ್ಗೆ ಹೌದು ಎಂಬ ಒಂದು ಸುಳ್ಳು ಸಾಕಿತ್ತು. ನಿಮ್ಮ ಹೆಂಡತಿ ನಿಮ್ಮದೇ ಡ್ರಮ್ಮಿನಿಂದ ಅಕ್ಕಿ ತೆಗೆದರೆ ನೀವು ಜಟಗನ ಹತ್ತಿರ ಹೋಗುತ್ತಿರಲಿಲ್ಲ. ಹೋದಿರಿ. ಕಾಯಿ ಇಟ್ಟು, "ಈ ಅಕ್ಕಿ ಉಂಡ ಹೊಟ್ಟೆಯನ್ನು ನೀನೇ ನೋಡಿಕೋ" ಎಂದು ಹೇಳಿಕೆ ಮಾಡಿ ಬಂದಿರಿ. ಆ ಮಾತು ಅವಳ ಕಿವಿಗೂ ಬಿತ್ತು. ಕಲ್ಲಿಗೆ ದೀಪ ಇಡುವ ಹಮ್ಮ ಊರಲ್ಲಿ ಹೇಳಿರಬೇಕು. ಈಗ ಗೆಡ್ಡೆ ಎಂದ ಕೂಡಲೇ ಅವಳು ಎರಡನ್ನೂ ಕೂಡಿಸಿದಳು.

ಕಳೆದ ತಿಂಗಳು ನಾನು ಸಕ್ಕರೆ ಪರೀಕ್ಷೆಗೆ ಆಸ್ಪತ್ರೆಗೆ ಹೋದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಬೀರ. ನನ್ನನ್ನು ಕಂಡು ಏಳಲು ಹೋದಳು, ಆಗಲಿಲ್ಲ. "ಹೊಟ್ಟೆ ಅಂದ್ರು ಒಡೆಯರು, ಹೊಟ್ಟೆಲೇ ಬಂತು" ಎಂದಳು, ಬಸ್ಸು ಬಂತು ಎನ್ನುವ ಹಾಗೆ. ಬೀರ, "ಆ ಅಕ್ಕಿ ನಾನೂ ಉಂಡಿದ್ದೆ. ನಂಗೆಂತ ಆಗ್ಲಿಲ್ಲ, ಎಮ್ಮೆ ಹಂಗೆ ಇದ್ದೆ" ಎಂದ. ಅವಳು, "ನಿಂಗೆ ಹೊಟ್ಟೆ ಎಲ್ಲಿ ಅದೆ, ಬರೀ ಬಾಯಿ" ಎಂದಳು. ಇಬ್ಬರೂ ನಕ್ಕರು. ಆಮೇಲೆ ನಾನು ಗೆಡ್ಡೆಗೂ ಶಾಪಕ್ಕೂ ಸಂಬಂಧವಿಲ್ಲ ಎಂದು ತಿಳಿಸಿ ಹೇಳಿದೆ. ಡಾಕ್ಟರೂ ಹೇಳಿದ್ದಾರಂತೆ. "ಅವ್ರು ಓದಿದವ್ರು ಅಮ್ಮ, ಅವ್ರಿಗೆ ಗೆಡ್ಡೆ ಎಲ್ಲಿ ಅಂತ ಗೊತ್ತು. ಎಂತಕೆ ಬಂತು ಅಂತ ಕೇಳ್ರಿ, ಸುಮ್ನೆ ಇರ್ತ್ರು" ಎಂದಳು.

ಆಗ ನಾನು ನನ್ನ ಔದಾರ್ಯವನ್ನು ಹೊರಗೆ ತೆಗೆದೆ. ನೀನು ತೆಗೆದದ್ದನ್ನು ನಾನು ನೋಡಿದ್ದೆ, ನೋಡಿ ಸುಮ್ಮನಿದ್ದೆ, ಅಂದರೆ ಕೊಟ್ಟ ಹಾಗೆಯೇ, ಅದು ಕಳವೇ ಅಲ್ಲ ಎಂದೆ. ಬಂಗಾರಿ ಒಪ್ಪಲಿಲ್ಲ.

"ಕೊಡೂದಾರೆ ಕೈಲಿ ಕೊಡ್ಬೇಕಿತ್ತು. ಕಂಡೂ ಕಾಣ್ದಂಗೆ ನಿಂತ್ರೆ ಕೊಟ್ಟಂಗೆ ಆತಾ? ನಾ ಹೆದ್ರಿ ಹೆದ್ರಿ ತೆಗ್ದೆ ಅಮ್ಮ. ಅದು ಕದ್ದದ್ದೇ."

ಹಾಗಾದರೆ ತಪ್ಪು ಮಾಡಿದೆ ಅನ್ನಿಸುತ್ತದೆಯೇ ಎಂದು ಕೇಳಿದೆ. ಬೋರ್ಡಿನ ಮೇಲಿನ ಪ್ರಶ್ನೆ, ಅಭ್ಯಾಸಬಲದಿಂದ ಬಂದುಬಿಟ್ಟಿತು.

"ತಪ್ಪು ಹೌದು. ಮಕ್ಳು ಹಂಗೇ ಕೂತಿದ್ರೆ ಇನ್ನೊಂದ್ಸಲನೂ ಮಾಡ್ತೆ. ಅದಕ್ಕೇ ಜಟಗನ ಹತ್ರ ಬಿಡ್ಸಿಕೊಂಬೂದು. ತಪ್ಪಲ್ದಿದ್ರೆ ಬಿಡ್ಸಿಕೊಂಬೂದು ಎಂತಕೆ?"

ನಾನು ಓದಿದ ಪುಸ್ತಕಗಳಲ್ಲಿ ಎರಡು ಪಕ್ಷಗಳಿದ್ದವು. ಇದು ಎರಡರಲ್ಲೂ ಇಲ್ಲ. ತಪ್ಪನ್ನು ತಪ್ಪಲ್ಲವೆಂದು ಸಾಧಿಸಿ ಅವಳ ಭಾರ ಇಳಿಸಲು ಹೊರಟವಳು ನಾನು. ಅವಳಿಗೆ ಬೇಕಾದದ್ದು ಸಮರ್ಥನೆಯಲ್ಲ, ಬಿಡುಗಡೆ. ಅದು ನನ್ನ ಕೈಯಲ್ಲಿಲ್ಲ.

ನಿಮ್ಮನ್ನು ಕರೆಯದೆ ಮುಗಿಯುತ್ತದೆಯೇ ಎಂದೂ ನೋಡಿದೆ. ಹೋದ ಭಾನುವಾರ ಕಾಯ್ಕಿಣಿಗೆ ಹೋಗಿ, ಬಂಗಾರಿಯನ್ನು ಕರೆದುಕೊಂಡು ಜಟಗನ ಹತ್ತಿರ ಹೋದೆ. ಕಾಯಿ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ಇದೆ. ನಾನೇ ಎತ್ತಲೇ ಎಂದು ಹಮ್ಮನನ್ನು ಕೇಳಿದೆ. "ಇಟ್ಟ ಕೈಯೇ ಎತ್ಬೇಕು ಅಮ್ಮ. ನೀವು ಎತ್ತಿದ್ರೆ ನಿಮ್ಮ ಮೇಲೆ ಬತ್ತದೆ, ನಾ ಎತ್ತಿದ್ರೆ ನನ್ನ ಮೇಲೆ. ಐದು ವರ್ಷ ಆತು, ಇಲಿ ಸೈತ ಮುಟ್ಲಿಲ್ಲ. ಇಲಿಗಿದ್ದ ಬುದ್ಧಿ ನಮ್ಗೆ ಬೇಡ್ವಾ?" ಎಂದ. ಮುಟ್ಟಬಹುದೆಂದು ವಾದಿಸುವಷ್ಟು ಧೈರ್ಯ ಅಲ್ಲಿ ನನಗೂ ಇರಲಿಲ್ಲ. ಕ್ಲಾಸಿನಲ್ಲಿ ಇರುತ್ತದೆ.

ಕದ್ದವರು ಬಂದು ಒಪ್ಪಿಕೊಳ್ಳಲಿ, ಆಮೇಲೆ ನೋಡೋಣ ಎಂದು ನೀವು ಹೇಳಬಹುದು. ಅವಳು ಒಪ್ಪಿಕೊಂಡಾಗಿದೆ. ಕಳವು ಕಳವೇ ಎಂದೂ ಹೇಳಬಹುದು. ಹಾಗಾದರೆ ದೀಪಾವಳಿಯ ಹಿಂದಿನ ದಿನ ನೀವು ಗೆಳೆಯರ ಜೊತೆ ಮಾವಳ್ಳಿಯ ಹಿತ್ತಲುಗಳಿಗೆ ನುಗ್ಗಿ ಸೌತೆಕಾಯಿ, ಎಳನೀರು ಕದ್ದು ತಂದ ಕತೆಗಳನ್ನು ನೆನಪಿಸಿಕೊಳ್ಳಿ. ಎಷ್ಟು ಖುಷಿಯಿಂದ ಹೇಳುತ್ತಿದ್ದಿರಿ. ಆ ಹಿತ್ತಲಿನವರು ಮರುದಿನ ಬೈದು, ನಕ್ಕು, ನಿಮಗೇ ಹಬ್ಬದ ಊಟ ಬಡಿಸಿದರು. ಹಬ್ಬದ ಕಳವಿಗೆ ಯಾರೂ ಕಾಯಿ ಇಡುವುದಿಲ್ಲ. ಹೊಟ್ಟೆ ತುಂಬಿದವರು ಕದ್ದರೆ ಅದು ಆಟ. ಇದನ್ನು ಚುಚ್ಚಲು ಬರೆದದ್ದಲ್ಲ. ನಾನೂ ಅಂಥ ಕದ್ದ ಎಳನೀರು ಕುಡಿದವರ ಮನೆಯ ಮಗಳೇ.

ನಾವು ಬೇರೆಯಾದದ್ದಕ್ಕೆ ಆ ಅಕ್ಕಿ ಕಾರಣವಲ್ಲ. ಅದರ ಕಾರಣಗಳು ಹಳೆಯವು, ಅಷ್ಟೇನೂ ಸ್ವಾರಸ್ಯದವಲ್ಲ. ನೀವು ಬಂದರೆ ಅವುಗಳ ಮಾತು ತೆಗೆಯುವುದಿಲ್ಲ. ಸೋಮವಾರ ರಾತ್ರಿ ಉಳಿಯಲು ಕಾಯ್ಕಿಣಿಯ ಮನೆಯ ಕೀಲಿ ನಿಮ್ಮ ಹತ್ತಿರವೇ ಇದೆ. ಅಥವಾ ಮಂಗಳವಾರ ಬೆಳಗಿನ ಬಸ್ಸಿಗೆ ಬಂದು ಹೊನ್ನಾವರದಲ್ಲಿ ಇಳಿದರೆ ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ, ಒಟ್ಟಿಗೆ ಹೋಗೋಣ. ನೀವು ಆಡಬೇಕಾದ ಮಾತು ಒಂದೇ. "ಇಟ್ಟದ್ದನ್ನು ಎತ್ತಿದೆ, ಹೇಳಿದ್ದನ್ನು ಬಿಟ್ಟೆ." ನಂಬಿಕೆ ಇರಲೇಬೇಕೆಂದಿಲ್ಲ, ಕೈ ಇದ್ದರೆ ಸಾಕು ಎಂದು ಹಮ್ಮ ಹೇಳಿದ್ದಾನೆ.

ನಿಮ್ಮ ಉತ್ತರ ಹೌದಾಗಲಿ, ಅಲ್ಲವಾಗಲಿ, ೨೦ರೊಳಗೆ ತಿಳಿಸಿ. ಆಸ್ಪತ್ರೆಯವರಿಗೆ ಹೇಳಬೇಕು.

ಒಂದು ಕಾಲಕ್ಕೆ ನಿಮ್ಮ ಮನೆಯವಳಾಗಿದ್ದ,
ಹೇಮಾ

ಮತ್ತೆ: ಲಕೋಟೆ ಅಂಟಿಸಿ ಒಂದು ದಿನ ಇಟ್ಟುಕೊಂಡಿದ್ದೆ, ಈಗ ಹರಿದು ಇದನ್ನು ಸೇರಿಸುತ್ತಿದ್ದೇನೆ. ಹಮ್ಮ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಬಂಗಾರಿಗೆ ಹೇಳಿದವಳು ನಾನು. ನೀವು ಕಾಯಿ ಇಟ್ಟು ಬಂದ ಮರುದಿನ ಅವಳು ಮೊಗ್ಗು ಕೊಯ್ಯುತ್ತಿದ್ದಾಗ ಹತ್ತಿರ ಹೋಗಿ, ಒಡೆಯರು ಹೀಗೆ ಮಾಡಿದ್ದಾರೆ ನೋಡು, ಉಂಡ ಹೊಟ್ಟೆ ಎಂದಿದ್ದಾರೆ ಎಂದು, ಅವಳಿಗೆ ಸಂಬಂಧವೇ ಇಲ್ಲದ ಸುದ್ದಿಯಂತೆ ಹೇಳಿದೆ. ನೀವು ಹೇಳಲು ಕಳಿಸಿರಲಿಲ್ಲ. ಅವಳು ಸಿಕ್ಕಿಬಿದ್ದರೆ ನಾನು ನೋಡಿ ಸುಮ್ಮನಿದ್ದದ್ದೂ ನಿಮಗೆ ಗೊತ್ತಾದೀತು ಎಂಬ ಹೆದರಿಕೆಗೆ ಹೇಳಿದೆ. ಅವಳು ಹೂಂ ಎಂದು ಕೊಯ್ಯುವುದನ್ನು ಮುಂದುವರಿಸಿದಳು. ಆ ದಿನ ಬುಟ್ಟಿಯಲ್ಲಿ ಹೂವು ಮಾತ್ರ ಹೋಯಿತು. ಇದನ್ನು ಅವಳು ಇವತ್ತಿನವರೆಗೂ ನನಗೆ ನೆನಪಿಸಿಲ್ಲ. ಅದಾಗಿ ಹತ್ತೊಂಬತ್ತು ದಿನಕ್ಕೆ ಬೀರನ ತಾಯಿಯ ಊರಿನಿಂದ ಪಡಿತರದ ಅಕ್ಕಿ ಬಂತು. ಆ ಹತ್ತೊಂಬತ್ತು ದಿನ ಅವರು ಏನು ಉಂಡರು ಎಂದು ನಾನು ಕೇಳಿಲ್ಲ. ನೀವು ಬಂದರೆ, ನನ್ನೆದುರಿಗೆ ಅವಳನ್ನು ಕೇಳಿ.