ಶಾಂಪೂ ಹಚ್ಚಿದ ಮರಿ

ಮುನಿಸಿನ ಮಹಾರಾಣಿ ಕೀರ್ತನಾಳಿಗೆ,

ನಿನ್ನ ಕಮಲತ್ತೆಯ ಆಶೀರ್ವಾದ. ಮೊದಲೇ ಹೇಳಿಬಿಡುತ್ತೇನೆ, ಬರೆಯುತ್ತಾ ಹೋದರೆ ಸಿಟ್ಟಿನಲ್ಲಿ ಮರೆತುಬಿಟ್ಟೇನು.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ತಾತನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡುತ್ತೀಯ. ಇಪ್ಪತ್ತು ದಿನದಲ್ಲಿ ನಾಲ್ಕು ಸಲ ಹೀಗಾಯಿತು. ಪ್ರತಿ ಸಲವೂ ಅವನು ಫೋನನ್ನು ಅಲ್ಲಾಡಿಸಿ ನೋಡಿ, "ಸಿಗ್ನಲ್ ಇಲ್ಲ ಕಣೇ" ಎಂದು ನನ್ನ ಕೈಗೆ ಕೊಡುತ್ತಾನೆ. ನಮ್ಮ ಹಟ್ಟಿಗೆ ಈಗ ಸಿಗ್ನಲ್ ಚೆನ್ನಾಗಿಯೇ ಬರುತ್ತದೆ. ಅದು ಅವನಿಗೂ ಗೊತ್ತು.

ಎಲ್ಲಾ ಆ ಕುರಿಮರಿ ಸಿನಿಮಾದಿಂದ. ಹೊಸದುರ್ಗದಲ್ಲಿ ಮೂರು ಸಲ ನೋಡಿದ್ದು ಸಾಲದೆಂದು, ರಜೆಗೆ ಇಲ್ಲಿಗೆ ಬಂದ ದಿನವೇ ನನ್ನನ್ನೂ ಕೂರಿಸಿ ತೋರಿಸಿದೆ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಂತೆ. ಕುರಿ ಇರುವ ಮನೆಯ ಮಂದಿಯನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಕಾಣುತ್ತದೆ. ಮರಿ ಮಾತಾಡುತ್ತದೆ, ಕಣ್ಣು ಹೊಡೆಯುತ್ತದೆ, ಪರೀಕ್ಷೆಗೆ ಹೊರಟ ಹುಡುಗಿ ಮರೆತ ಹಾಲ್ ಟಿಕೆಟನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಕೊಡುತ್ತದೆ. ನಮ್ಮ ಕುರಿಯಾಗಿದ್ದರೆ ದಾರಿಯಲ್ಲೇ ಅದನ್ನು ತಿಂದು ಮುಗಿಸಿರುತ್ತಿತ್ತು. ಈ ಸಿನಿಮಾದವರಿಗೆ ಆನೆ ಎಂದರೆ ಹೂಮಾಲೆ ಹಾಕಬೇಕು, ಕೋತಿ ಎಂದರೆ ಬೀಗ ತೆಗೆಯಬೇಕು, ನಾಯಿ ಎಂದರೆ ಓಡಿಹೋಗಿ ಪೊಲೀಸರನ್ನು ಕರೆತರಬೇಕು. ನಮ್ಮ ಕರಿಯ ಏಳು ವರ್ಷದಲ್ಲಿ ನನ್ನ ಮೂರು ಚಪ್ಪಲಿ ಕಚ್ಚಿಕೊಂಡು ಹೋಗಿದ್ದಾನೆ, ಒಂದನ್ನೂ ವಾಪಸ್ ತಂದಿಲ್ಲ. ಆದರೆ ತೋಳ ಬಂದ ದಿನ ಕುರಿ ರೊಪ್ಪದ ಬಾಗಿಲಿಗೆ ಅಡ್ಡ ನಿಂತವನೂ ಅವನೇ. ಅವನ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ, ಪಾಪ, ಅವನಿಗೆ ಹಾಡಲು ಬರುವುದಿಲ್ಲವಲ್ಲ.

ಕೊನೆಯಲ್ಲಿ ನಾನೂ ಎರಡು ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ ಎಂದು ನಿನ್ನಪ್ಪನಿಗೆ ಹೇಳಬೇಡ. ಮಂಜಣ್ಣ ಆಡಿಕೊಂಡು ನಗುತ್ತಾನೆ.

ಇನ್ನು ಅದರಲ್ಲಿ ಖಳನಾಯಕ ಯಾರು? ಕುರಿ ಕಾಯುವವನು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಹುರಿ ಮೀಸೆ. ನಿನ್ನ ತಾತನಿಗೂ ಅಂಥದೇ ಮೀಸೆ ಇದೆ, ಏನು ಮಾಡಲಿ? ಬೋಳಿಸಿಬಿಡು ಎನ್ನಲೇ?

ಈಗ ನಡೆದದ್ದು ಕೇಳು. ನೀನು ಬಂದ ಮೂರನೇ ದಿನ ಬೆಳಗ್ಗೆ ಬಿಳಿಕಿವಿ ಕುರಿ ಈದಿತು. ಅದಕ್ಕೆ ಚೊಚ್ಚಲ ಮರಿ. ತಾತ ಸೊಪ್ಪು ತರಲು ಹೋದ, ನಾನು ಅಂಗನವಾಡಿಗೆ ಹೋದೆ. ಅಷ್ಟರಲ್ಲಿ ನೀನು ಸಿನಿಮಾದ ಹುಡುಗಿಯ ಹಾಗೆ ಮರಿಯನ್ನು ಎತ್ತಿಕೊಂಡು ಹೋಗಿ, ಬಕೆಟ್ಟಿನಲ್ಲಿ ನಿಲ್ಲಿಸಿ, ನಿಮ್ಮಮ್ಮ ಕಳಿಸಿದ್ದ ಶಾಂಪೂ ಹಚ್ಚಿ ತೊಳೆದೆ. ನನ್ನ ಹೊಸ ಟವೆಲಿನಲ್ಲಿ ಒರೆಸಿ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದೆ. ಮರಿ ಘಮಘಮ ಎನ್ನುತ್ತಿತ್ತು. ಚೆಂದವಾಗಿಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ನಾವು ಬಂದು ನೋಡಿದರೆ ಬಿಳಿಕಿವಿ ಆ ಮರಿಯನ್ನು ಗುದ್ದಿ ಗುದ್ದಿ ದೂರ ತಳ್ಳುತ್ತಿತ್ತು. ಕುರಿ ತನ್ನ ಮರಿಯನ್ನು ಗುರುತು ಹಿಡಿಯುವುದು ಮೂಗಿನಿಂದ, ಕೀರ್ತನಾ. ಈದ ಕೂಡಲೇ ನೆಕ್ಕಿ ನೆಕ್ಕಿ ಆ ವಾಸನೆಯನ್ನು ತನ್ನದು ಮಾಡಿಕೊಳ್ಳುತ್ತದೆ. ನೀನು ಅದನ್ನೇ ತೊಳೆದುಬಿಟ್ಟೆ. ತಾಯಿಗೆ ಅದು ಯಾರದೋ ಮರಿಯಾಯಿತು.

ತಾತ ರಿಬ್ಬನ್ ಬಿಚ್ಚಿ ಮರಿಯನ್ನು ಒಂದು ಸಲ ಮೂಸಿದ. ಎಲ್ಲ ಗೊತ್ತಾಯಿತು. ನಾನು ನಿನ್ನ ಹೆಸರು ಹಿಡಿದು ಕೂಗಲು ಬಾಯಿ ತೆರೆದರೆ ನನ್ನ ಕೈ ಹಿಡಿದುಕೊಂಡ. "ಮಗೀಗೆ ಹೇಳಬ್ಯಾಡ. ಪ್ರೀತಿಲಿ ಮಾಡೈತೆ. ಮರಿ ಸತ್ತುಗಿತ್ತು ಹೋದ್ರೆ ತನ್ನಿಂದ್ಲೇ ಅಂತ ಕೊರಗ್ತೈತೆ" ಎಂದ. ನಿನಗೆ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡ. ಇವತ್ತು ಆ ಮಾತು ಮುರಿಯುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ಹಟ್ಟಿಯವರು ಮಾಡುವುದು ಒಂದೇ. ತಾಯಿಯನ್ನು ಗೂಟಕ್ಕೆ ಕಟ್ಟಿ, ಒದೆಯದಂತೆ ಮಂಡಿಯಿಂದ ಒತ್ತಿ ಹಿಡಿದು, ಮರಿಯ ಬೆನ್ನಿಗೂ ಬಾಲಕ್ಕೂ ತಾಯಿಯದೇ ಹಾಲು ಸವರಿ ಕುಡಿಸಬೇಕು. ತನ್ನ ಹಾಲಿನ ವಾಸನೆ ಹತ್ತಿದರೆ ಒಂದಲ್ಲ ಒಂದು ದಿನ ಒಪ್ಪಿಕೊಳ್ಳುತ್ತದೆ. ನೀನು ರೊಪ್ಪಕ್ಕೆ ಓಡಿ ಬಂದಾಗ ಕಂಡದ್ದು ಅದೇ. ಕುರಿ ಅರಚುತ್ತಿತ್ತು, ತಾತ ಅದರ ಮೇಲೆ ಮಂಡಿಯೂರಿದ್ದ. "ನೀನೂ ಸಿನಿಮಾದವ್ನ ಥರಾನೇ! ಕಟುಕ!" ಎಂದು ಕಿರುಚಿದೆ. ತಾತ ಹಿಡಿದ ಕೈ ಬಿಡಲಿಲ್ಲ. ಮರಿಯ ಬಾಯಿಗೆ ಆಗಷ್ಟೇ ಹಾಲು ಸಿಕ್ಕಿತ್ತು.

ಮಾರನೇ ದಿನ ನಿನ್ನಪ್ಪನನ್ನು ಕರೆಸಿಕೊಂಡು ಬಸ್ಸು ಹತ್ತಿಬಿಟ್ಟೆ. ಹನ್ನೊಂದು ವರ್ಷಕ್ಕೆ ಇಷ್ಟು ಹಟ! ಯತ್ತಪ್ಪನ ಮೊಮ್ಮಗಳಲ್ಲವೇ, ಬೇರೆ ಯಾರಿಂದ ಬಂದೀತು.

ಐದು ದಿನ ಅವನು ರೊಪ್ಪ ಬಿಟ್ಟು ಅಲ್ಲಾಡಲಿಲ್ಲ. ಆರನೇ ದಿನ ಬಿಳಿಕಿವಿ ತಾನಾಗಿ ಮರಿಯ ಬಾಲ ಮೂಸಿ, ಗಂಟಲಲ್ಲೇ ಮೆಲ್ಲಗೆ ಕರೆಯಿತು. ತಾತ ಹಗ್ಗ ಬಿಚ್ಚಿ, ಹೊರಗೆ ಬಂದು ಗೋಡೆಗೆ ಒರಗಿದವನು ಕೂತಲ್ಲೇ ನಿದ್ದೆ ಹೋದ. ಆ ಸೀನಿಗೆ ಹಿನ್ನೆಲೆ ಸಂಗೀತ ಇರಲಿಲ್ಲ. ಪಕ್ಕದಲ್ಲಿ ಕರಿಯ ಮೈ ಕೆರೆದುಕೊಳ್ಳುತ್ತಿದ್ದ.

ಮೊನ್ನೆ ಅವನೇ, "ಆ ಸಿನಿಮಾ ಹಾಕೇ, ಮಗೀಗೆ ಯಾಕೆ ಸಿಟ್ಟು ಬಂತು ನೋಡಾಣ" ಎಂದ. ನನ್ನ ಫೋನು ಹಿಡಿದುಕೊಂಡು ಕದಲದೆ ಪೂರ್ತಿ ನೋಡಿದ. ಮೀಸೆಯವನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ. "ಇದು ಒಂದು ಮರಿ ಅಲ್ಲ ಕಣೇ, ಐದು ಮರಿ ಅವೆ" ಎಂದ. ಹಾಡಿನಲ್ಲಿರುವುದಕ್ಕೆ ಕಿವಿ ಉದ್ದವಂತೆ, ಸ್ನಾನ ಮಾಡುವುದು ಹತ್ತು ದಿನದ್ದಂತೆ, ಮಳೆಯಲ್ಲಿ ಓಡುವುದು ಹೆಣ್ಣುಮರಿಯಂತೆ. ನಾನೂ ನೀನೂ ಒಂದೇ ಮರಿ ಎಂದುಕೊಂಡು ಅತ್ತಿದ್ದೆವು. "ಬಾಕಿ ನಾಲ್ಕು ಏನಾದ್ವು?" ಎಂದು ಕೇಳಿದ. ನಿನಗೆ ಗೊತ್ತಿದ್ದರೆ ಬರೆ.

ಇನ್ನೊಂದು ಮಾತು, ಮುಚ್ಚಿಡುವುದಿಲ್ಲ. ನಿನ್ನ ಮರಿ ಗಂಡು. ದೊಡ್ಡದಾದ ಮೇಲೆ ಸಂತೆಗೆ ಹೋಗುತ್ತದೆ. ಕೊನೆಯ ಸೀನಿನಲ್ಲಿ ತಾತ ಮನಸ್ಸು ಬದಲಿಸಿ ಹಗ್ಗ ಬಿಸಾಡುತ್ತಾನೆ ಎಂದು ಕಾಯಬೇಡ. ನಿನ್ನಪ್ಪ ಕಾಲೇಜು ಮೆಟ್ಟಿಲು ಹತ್ತಿದ್ದು ಇಂಥ ಮರಿಗಳಿಂದಲೇ. ಅದಕ್ಕೆ ಅಳುವುದಾದರೆ ಅಳು, ನಾನೂ ಚಿಕ್ಕವಳಿದ್ದಾಗ ಅತ್ತಿದ್ದೇನೆ. ಆದರೆ ತಾತನನ್ನು ಕಟುಕ ಎನ್ನಬೇಡ, ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ನಿನ್ನೆ ನೀನು ಬಿಟ್ಟುಹೋದ ಹಳದಿ ಫ್ರಾಕನ್ನು ಒಗೆದಿಡೋಣ ಎಂದು ಮನೆಯೆಲ್ಲ ಹುಡುಕಿದೆ. ಕೊನೆಗೆ ರೊಪ್ಪದಲ್ಲಿ ಸಿಕ್ಕಿತು, ಬಿಳಿಕಿವಿ ಮಲಗುವ ಕಡೆ ಬೇಲಿಗೆ ಕಟ್ಟಿತ್ತು. ತಾತನ ಕೆಲಸ. ಒಳ್ಳೆಯ ಫ್ರಾಕು ಹಾಳಾಯಿತು ಎಂದು ಚೆನ್ನಾಗಿ ಬೈದೆ. "ಮಗು ಬಂದಾಗ ಕುರಿ ಹೊಸಬರು ಅಂತ ಬೆದರಬಾರ್ದು. ವಾಸನೆ ಗುರ್ತಿರ್ಲಿ ಬಿಡು" ಎಂದ. ಇಪ್ಪತ್ತು ದಿನದ ಮೇಲೆ ಅದರಲ್ಲಿ ಕುರಿಯ ವಾಸನೆ ಬಿಟ್ಟು ಬೇರೇನು ಉಳಿದಿರುತ್ತದೆ? ಆದರೂ ಇವತ್ತು ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗುವ ಮೊದಲು ಅವನು ಅದನ್ನು ಒಂದು ಸಲ ಮೂಸಿ ಹೋದ.

ರಜೆ ಮುಗಿಯಲು ಇನ್ನೂ ಹನ್ನೆರಡು ದಿನವಿದೆ. ಬಾ. ಶಾಂಪೂ ತರಬೇಡ.

ಹಟ್ಟಿಯ ದೇವರು ಜುಂಜಪ್ಪ ನಿನ್ನನ್ನು ಕಾಯಲಿ, ನಿನ್ನ ಹಟವನ್ನು ಸ್ವಲ್ಪ ಇಳಿಸಲಿ.

ಜವನಗೊಂಡನಹಳ್ಳಿ ಪಕ್ಕದ ಹಟ್ಟಿಯಿಂದ,
ಬೈಯುವುದು ಇನ್ನೂ ಮುಗಿಯದ
ನಿನ್ನ ಕಮಲತ್ತೆ