ಮುಚ್ಚಳ ತೆಗೆಯದ ಕ್ಯಾಮೆರಾ

ಒಡೆಟ್,

ನೀನು ತೀರಿಹೋದಾಗ ನಿನ್ನ ಪ್ಲಾಸ್ಟಿಕ್ ಆಟಿಕೆ ಕ್ಯಾಮೆರಾದಲ್ಲಿ ಉಳಿದಿದ್ದ ರೀಲನ್ನು ಇವತ್ತು ತೊಳೆಸಿ ತಂದೆ. ನಮ್ಮ ಪದ್ಧತಿಯಂತೆ ಮೊದಲು ನಾನು ತೆಗೆದದ್ದು, ಅದೇ ರೀಲನ್ನು ಮತ್ತೆ ಸುತ್ತಿ ಅದರ ಮೇಲೆಯೇ ನೀನು ಇನ್ನೊಮ್ಮೆ ತೆಗೆದದ್ದು; ಎರಡೂ ಚಿತ್ರ ಒಂದರೊಳಗೊಂದು ಬೆರೆತು ಬರಬೇಕು.

ಜನವರಿಯಲ್ಲಿ, ಮೆರಿವೆದರ್‌ನ ಕಡಲದಂಡೆಯ ಈಜುಕೊಳದ ಕಟ್ಟೆಯ ಮೇಲೆ, ನಿನ್ನ ಹೊಸ ಗೆಳತಿ ಟೀಗನ್‌ಳನ್ನು ನೀನು ಫೋಟೊಗೆ ನಿಲ್ಲಿಸಿಕೊಂಡಿದ್ದೆ. ಫೋನಿನಲ್ಲಿ ಬೆರಳೊತ್ತಿ ಹೊಸ ಫೋಟೊವನ್ನು ಹಳೇ ಫೋಟೊದಂತೆ ಮಾಡಿಕೊಳ್ಳುವವಳಿಗೆ ನಮ್ಮ ರೀಲು!

"ಗಲ್ಲ ಸ್ವಲ್ಪ ಎತ್ತೇ. ಅಯ್ಯೋ, ಎಷ್ಟು ಚೆಂದ ಕಾಣ್ತಿದೀಯ!" ಎಂದೆ ನೀನು. ನನಗೆ ಯಾವತ್ತೂ ಹಾಗೆ ಹೇಳಿರಲಿಲ್ಲ.

ಲೆನ್ಸಿನ ಮುಚ್ಚಳ ಹಾಕಿಯೇ ಇತ್ತು. ಆ ಕ್ಯಾಮೆರಾದ ಕಿಂಡಿಯಲ್ಲಿ ನೋಡುವವರಿಗೆ ಅದು ತಿಳಿಯುವುದಿಲ್ಲ. ಎದುರು ಕೂತಿದ್ದ ನನಗೆ ಕಂಡಿತು. ನಾನು ಮುಖ ತಿರುಗಿಸಿಕೊಂಡು ಚಿಪ್ಸ್ ತಿಂದೆ.

ಇವತ್ತು ಸಂಜೆ ಟೀಗನ್ ಮನೆಗೆ ಬಂದಳು. "ರೀಲ್ ಬಂತೇನೇ? ನನ್ನ ಫೋಟೊ ಹಾಳಾಗ್ಲಿ ಬಿಡು. ಅವತ್ತು ಕೊನೇಲಿ ನಾನು ಕ್ಯಾಮೆರಾ ಇಸ್ಕೊಂಡು ಒಡೆಟ್‌ದೊಂದು ತೆಗೆದೆ. ನಿನ್ನನ್ನೇ ನೋಡ್ಕೊಂಡು ನಗ್ತಿದ್ಲು. ಅದೊಂದು ತೋರ್ಸು."

ರೀಲಿನ ತುಂಬ ನಾನು ತೆಗೆದ ಕಡಲಹಕ್ಕಿಗಳಷ್ಟೇ ಇವೆ, ಒಡೆಟ್. ಒಂದೊಂದೂ ಸ್ಪಷ್ಟವಾಗಿ ಬಂದಿದೆ.