ಮೀಸೆಯಿರುವ ಫೋಟೊ

ವಿಯೆಂಟಿಯಾನ್,
ನವೆಂಬರ್ 6, ಮದುವೆಯಾಗಿ ಹನ್ನೆರಡನೇ ದಿನ

ಐದು ದೇಶಗಳ ಫುಟ್‌ಬಾಲ್ ತಂಡಗಳನ್ನು ಪಳಗಿಸಿದ ಕೋಚ್, ನನ್ನ ಮುದ್ದು ಗಂಡ ಗ್ರೇಡಿಗೆ,

ಹೇಗಿದ್ದೀಯಾ? ಎಡ ಮೊಣಕಾಲಿನ ನೋವು ಹೇಗಿದೆ? ನಾಮ್ ಪೆನ್‌ನ ಸೆಕೆಗೆ ಬೆನ್ನಿನ ಮೇಲೆ ಬೆವರುಸಾಲೆ ಎದ್ದಿದ್ದರೆ ಪುಡಿ ಹಾಕಿಕೋ. ಎದ್ದಿರಲಿ ಎಂದೇ ನನ್ನ ಆಸೆ! ನಿನ್ನೆಯಿಂದ ನೀನು ಒಂಬತ್ತು ಸಲ ಫೋನ್ ಮಾಡಿದ್ದೀಯಾ, ಒಂಬತ್ತು ಸಲವೂ ನಾನು ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ, ಇಷ್ಟು ಒಳ್ಳೆಯ ಕೋಪ ಸುಮ್ಮನೆ ಹಾಳಾಗುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ಬೆಳಿಗ್ಗೆ ಅಣ್ಣ ಬುನ್‌ಥವಿ ಮೈದಾನದ ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು ಬಂದು, ಕೈಗವಸನ್ನೂ ಬಿಚ್ಚದೆ, ಊಟದ ಚಾಪೆಯ ಮೇಲೆ ಪತ್ರಿಕೆ ಎಸೆದ. "ನೋಡ್ಕೊಳ್ಳೇ ನಿನ್ನ ಗಂಡನ್ನ!" ನೋಡಿದೆ. ಕಾಂಬೋಡಿಯಾದ ಜರ್ಸಿಯನ್ನು ಎದೆಗೆ ಹಿಡಿದು, ಹಲ್ಲು ಬಿಟ್ಟುಕೊಂಡು ನಿಂತಿದ್ದೀಯಾ. ಹೊಸ ಕೋಚ್, ಮೂರು ವರ್ಷದ ಒಪ್ಪಂದ. ಹತ್ತು ದಿನದ ತರಬೇತಿ ಶಿಬಿರ ಎಂದು ಹೇಳಿ ಹೋದವನು ನೀನು! ಮದುವೆಯ ಮರುದಿನ ವಿಮಾನ ನಿಲ್ದಾಣದಲ್ಲಿ ನಿನ್ನ ಕತ್ತು ಹಿಡಿದು ಅತ್ತವಳು ನಾನು, ಮೂರ್ಖಿ. ಈ ತಿಂಗಳ ಇಪ್ಪತ್ತೆಂಟಕ್ಕೆ ಅವರ ತಂಡ ಇಲ್ಲಿಗೆ ಬಂದು ಆಡುವುದು ಯಾರ ಮೇಲೆ? ನಮ್ಮ ದೇಶದ ತಂಡದ ಮೇಲೆ. ನಮ್ಮ ಗೋಲ್‌ಕೀಪರ್ ಯಾರು? ಅಣ್ಣ. "ಎರಡು ವರ್ಷ ನಮ್ಮ ಕೋಚ್ ಆಗಿ ನನ್ನ ಎಡಗೈ ಎಷ್ಟು ದೂರ ಚಾಚುತ್ತೆ ಅಂತ ಗೇಣು ಹಾಕಿ ಅಳೆದೋನು ಕಣೇ ಅವನು. ಇನ್ನು ಅದನ್ನೇ ಅವರಿಗೆ ಪಾಠ ಮಾಡ್ತಾನೆ, ನಮ್ಮ ಭಾವ!" ಎಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು, ಗ್ರೇಡಿ.

ಅಮ್ಮ ಮಾತ್ರ ಜರ್ಸಿಯನ್ನು ನೋಡಲೇ ಇಲ್ಲ. ನಿನ್ನ ಕೈ ನೋಡಿದಳು. ಬರೀ ಕೈ! ಜೀವ ಮೈಬಿಟ್ಟು ಅಲೆಯದಿರಲಿ ಎಂದು ಮದುವೆಯ ದಿನ ಎಂಬತ್ತು ಜನ ಮಣಿಕಟ್ಟಿನಿಂದ ಮೊಣಕೈವರೆಗೆ ಕಟ್ಟಿದ ಬಿಳಿ ದಾರದಲ್ಲಿ ಒಂದೆಳೆಯೂ ಇಲ್ಲ. "ನೀವೇ ಬಿಚ್ಚೋವರೆಗೆ ಹಾಗೇ ಇರುತ್ತೆ ಅಮ್ಮಾ" ಎಂದು ನಮ್ಮ ಭಾಷೆಯಲ್ಲೇ, ತಪ್ಪುತಪ್ಪಾಗಿ, ಹೇಳಿದ್ದೆಯಲ್ಲ? ಅಮ್ಮ ಅಂಟು ಅನ್ನದ ಬುಟ್ಟಿ ಮುಚ್ಚಿಟ್ಟು, "ಕತ್ತರಿ ಹಾಕಿದಾನೆ ಕಣೇ, ಕತ್ತರಿ ಹಾಕಿದಾನೆ" ಎಂದು ಅಳುತ್ತಾ ಕೂತಳು. ನಾನೂ ಪತ್ರಿಕೆಯನ್ನು ಮೂಗಿಗೆ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ. ಆಗ ಕಂಡಿತು, ಮೀಸೆ! ಮದುವೆಯ ಹಿಂದಿನ ದಿನ ಅಮ್ಮ ಎದುರಿಗೇ ಕೂತು ತೆಗೆಸಿದ ಅದೇ ಪೊರಕೆ ಮೀಸೆ. ಹನ್ನೊಂದು ದಿನದಲ್ಲಿ ಅಷ್ಟು ದಪ್ಪ ಮೀಸೆ ಯಾವ ಗಂಡಸಿಗೂ ಬೆಳೆಯುವುದಿಲ್ಲ. ಅದು ಮದುವೆಗೆ ಮೊದಲು ತೆಗೆದ ಫೋಟೊ. ಅಮ್ಮ ಕಣ್ಣೊರೆಸಿಕೊಂಡು, "ಸದ್ಯ, ದಾರ ಕತ್ತರಿಸಿಲ್ಲ ಪಾಪ" ಎಂದು ಬುಟ್ಟಿ ತೆರೆದು ಊಟಕ್ಕೆ ಕೂತಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಏಕೆಂದರೆ ಸಹಿ ಹಾಕಿ ಬಂದ ಮೇಲೆ ನೀನು ನನ್ನನ್ನು ಮದುವೆಯಾಗಿದ್ದೀಯಾ!

ಮದುವೆಯ ದಿನ ಮದುಮಗನನ್ನು ತಡೆಯುವ ನಮ್ಮ ಶಾಸ್ತ್ರದಂತೆ ಬಾಗಿಲಲ್ಲಿ ಅಣ್ಣ ಬೆಳ್ಳಿಯ ಸೊಂಟಪಟ್ಟಿ ಅಡ್ಡ ಹಿಡಿದು, "ಎಷ್ಟು ವರ್ಷದ ಒಪ್ಪಂದ, ಕೋಚ್?" ಎಂದು ಕೇಳಿದಾಗ, ನೀನು "ಹಲ್ಲು ಉದುರೋವರೆಗೆ" ಎಂದೆ. ಊರೆಲ್ಲ ನಕ್ಕಿತು, ನಾನು ನಾಚಿ ಸತ್ತೆ. ಆಗ ನಿನ್ನ ಜೇಬಿನಲ್ಲಿ ಇನ್ನೊಂದು ಒಪ್ಪಂದ ಇತ್ತು. ನಮ್ಮ ಕಡೆಯ ಎಲ್ಲ ಅಳಿಯಂದಿರ ಹಾಗೆ ನೀನೂ ನಮ್ಮ ಮನೆಯಲ್ಲೇ ಇರುತ್ತೀಯಾ ಎಂದು ಅಮ್ಮ ಮಹಡಿಗೆ ಹೊಸ ಗೋಡೆ ಹಾಕಿಸಿದಳು, ನಿನ್ನ ಕಾಲು ಹೊರಗೆ ಬಾರದಷ್ಟು ಉದ್ದದ ಹಾಸಿಗೆ ಹೊಲಿಸಿದಳು. ನಾನು ಅದರಲ್ಲಿ ಒಬ್ಬಳೇ ಅಡ್ಡಡ್ಡ ಮಲಗುತ್ತೇನೆ. ಗೋಡೆಯ ಪಕ್ಕ ನಿನ್ನ ಇನ್ನೊಂದು ಸೂಟ್‌ಕೇಸ್, ನೀನು ಬಿಚ್ಚದೆಯೇ ಬಿಟ್ಟು ಹೋದದ್ದು. ಐದು ದೇಶಗಳಲ್ಲೂ ಅದನ್ನು ಬಿಚ್ಚಲೇ ಇಲ್ಲವೇನೋ! ಕೆಲಸ ಹುಡುಕಿಕೊಂಡು ಹೋಗುವುದು ತಪ್ಪಲ್ಲ. ನಿನ್ನ ಅನ್ನ ಅದರಲ್ಲೇ ಇದೆ ಎಂದು ತಿಳಿದೇ ನಿನ್ನನ್ನು ಒಪ್ಪಿದವಳು ನಾನು. ಕೇಳಿದ್ದರೆ ನಾಮ್ ಪೆನ್‌ಗೂ ಕುಣಿಯುತ್ತಾ ಬರುತ್ತಿದ್ದೆ. ಕೇಳಲಿಲ್ಲವಲ್ಲ! ಎರಡು ವರ್ಷ ಮೈದಾನದಲ್ಲಿ ನಿನ್ನ ಪಕ್ಕ ನಿಂತು ನಿನ್ನ ಬೈಗುಳವನ್ನೆಲ್ಲ ನಮ್ಮ ಹುಡುಗರ ಭಾಷೆಗೆ ತಿರುಗಿಸಿದೆ. ದಿನಕ್ಕೆ ನೂರು ಸಲ ನನ್ನ ಗಂಟಲಿಂದ ಹೊರಟದ್ದು ನಿನ್ನ ಒಂದೇ ಮಾತು: "ಮೊದಲು ಕೂಗು, ಆಮೇಲೆ ಓಡು! ಕೂಗದೆ ಓಡೋನು ಜೊತೆಗಾರನಲ್ಲ!" ನನ್ನ ಕಡೆ ಒಂದು ಸಲ ಕೂಗಿದೆಯಾ?

ಹೊತ್ತಿಗೆ ಸರಿಯಾಗಿ ಊಟ ಮಾಡು, ಐಸ್ ಹಾಕಿದ ಬಿಯರ್ ಕುಡಿದು ಗಂಟಲು ಕೆಡಿಸಿಕೊಳ್ಳಬೇಡ. ಅಮ್ಮ ಆಶೀರ್ವಾದ ಹೇಳಿದ್ದಾಳೆ. ಅಣ್ಣ ಹೇಳಿದ್ದನ್ನು ಬರೆಯುವಂತಿಲ್ಲ.

ಉರಿಯುತ್ತಲೇ ನಿನ್ನವಳು,
ಸೂಡಾವನ್

ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ: ನಾನು ಕೂಗಿಯೇ ಓಡುವವಳು, ಆದ್ದರಿಂದ ಕೇಳಿಸಿಕೋ. ನೀನು ಬರೆದ ಕಾರ್ನರ್ ಕಿಕ್ ಚಿತ್ರಗಳ ನೀಲಿ ಪುಸ್ತಕ ನಿನ್ನೆ ನಾನೇ ಸೂಟ್‌ಕೇಸ್ ತೆರೆದಾಗ ಸಿಕ್ಕಿತು. ರಾತ್ರಿಯೆಲ್ಲ ಕೂತು ಪೂರ್ತಿ ನಮ್ಮ ಭಾಷೆಗೆ ತಿರುಗಿಸಿ ಅಣ್ಣನ ಕೈಗೆ ಕೊಟ್ಟಿದ್ದೇನೆ. ಇಪ್ಪತ್ತೆಂಟಕ್ಕೆ ನಾನು ಅವನ ಗೋಲಿನ ಹಿಂದೆ ನಿಂತಿರುತ್ತೇನೆ. ಆಟ ಮುಗಿದ ಮೇಲೆ ಮನೆಗೆ ಬಾ. ಕೈಯಲ್ಲಿ ದಾರ ಇದ್ದರೆ ಅಮ್ಮ ಬಿಚ್ಚುತ್ತಾಳೆ. ಆದರೆ ಸೂಟ್‌ಕೇಸ್ ಬಾಗಿಲ ಹೊರಗೇ ಇರುತ್ತದೆ. ಅಣ್ಣ ಬೆಳ್ಳಿ ಪಟ್ಟಿ ಅಡ್ಡ ಹಿಡಿದು ಅದೇ ಪ್ರಶ್ನೆ ಕೇಳುತ್ತಾನೆ. ಈ ಸಲ ಊರನ್ನು ನಗಿಸಬೇಡ. ನನ್ನ ಮುಖ ನೋಡಿ ಉತ್ತರ ಹೇಳು.